ಕರಿ ಬಾವುಟದ ಓಣಿ

ತಿರುವನಂತಪುರದಿಂದ ನಾನು ಮೈಸೂರಿಗೆ ಬರೆಯುತ್ತಿದ್ದ ಕಾಗದಗಳಲ್ಲಿ ಒಂದು ತಮಾಷೆ ತಪ್ಪದೆ ಇರುತ್ತಿತ್ತು: ಇಲ್ಲಿ ಬೆಳಗಾದರೆ ಮುಷ್ಕರ, ಬಾವುಟ ಹಿಡಿಯದ ಕೈಯೇ ಇಲ್ಲ. ಅಪ್ಪ ಅದನ್ನು ಓದಿ ಓದಿ ನಗುತ್ತಿದ್ದರಂತೆ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮವರು ರಾಕೆಟ್ ಆಫೀಸಿನಲ್ಲಿ ವಿಜ್ಞಾನಿ, ಮನೆ ಉಳ್ಳೂರಿನಲ್ಲಿ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಅಣ್ಣನ ಮನೆಯಲ್ಲಿದ್ದರು. ಅತ್ತಿಗೆಗೂ ಅವರಿಗೂ ಎಣ್ಣೆ ಸೀಗೆಕಾಯಿ. ನಮ್ಮಲ್ಲಿಗೇ ಬಂದುಬಿಡಲಿ ಎಂದು ನನ್ನ ಹಟ. ಸ್ವಲ್ಪ ದಿನ ಇದ್ದು ನೋಡುತ್ತೇನೆ ಎಂದು ಬಂದವರಿಗೆ ಊರು ತೋರಿಸಿ ಮನಸ್ಸು ಒಲಿಸಿಕೊಳ್ಳೋಣವೆಂದು, ನಮ್ಮವರಿಂದ ರಜ ಹಾಕಿಸಿ ಕಾರು ಹೊರಡಿಸಿದೆ.

ಅಪ್ಪ ನಿವೃತ್ತ ಹೆಡ್‌ಮಾಸ್ಟರು. ಕೋಟು, ಪೇಟ ಇಲ್ಲದೆ ಹೊಸಿಲು ದಾಟಿದವರೇ ಅಲ್ಲ. ಪಾಳಯಂನಲ್ಲಿ ಮಸೀದಿ, ಚರ್ಚು, ಗಣಪತಿ ಗುಡಿ ಹತ್ತಿರ ಹತ್ತಿರವೇ ಇರುವುದನ್ನು ಕಂಡು "ಭೇಷ್" ಎಂದರು. ಹಿಂದಿನ ಸೀಟಿನಿಂದ ನಾನು ಬಾಯಿ ಮುಚ್ಚದೆ ವಿವರಿಸುತ್ತಿದ್ದೆ. ನಾಲ್ಕು ವರ್ಷದಿಂದ ಇದ್ದವಳು, ಊರೇ ನನ್ನದೆಂಬ ಜಂಬ. ಸೆಕ್ರೆಟೇರಿಯಟ್ ಎದುರು ಧರಣಿ ನಡೆಯುತ್ತಿತ್ತು. ಮಗಳ ಕಾಗದ ನಿಜವಾಯಿತೆಂದು ಅಪ್ಪನಿಗೆ ಖುಷಿಯೋ ಖುಷಿ. ಕಿಟಕಿಯಿಂದ ತಲೆ ಹೊರಹಾಕಿ, "ವಾಟ್ ಈಸ್ ಯುವರ್ ಡಿಮ್ಯಾಂಡ್?" ಎಂದು ಕೇಳಿದರು. ಅವರೂ ನಗುತ್ತಲೇ ಸಂಬಳ, ಭತ್ಯೆ ಎಂದೇನೋ ಕೂಗಿದರು. ನಾವು ಮೂವರೂ ಬಿದ್ದು ಬಿದ್ದು ನಕ್ಕೆವು.

ಕೋಟೆಯ ಬಾಗಿಲು, ಪದ್ಮನಾಭನ ಗೋಪುರ, ಕಲ್ಯಾಣಿ ಎಲ್ಲ ನೋಡಿಯಾಯಿತು. ಪೇಟೆಯ ನೂಕುನುಗ್ಗಲು ತಪ್ಪಿಸಲು ನಮ್ಮವರು ಒಂದು ಓಣಿಗೆ ತಿರುಗಿಸಿದರು. ಓಣಿಯುದ್ದಕ್ಕೂ ಬೇಲಿಗೆ ಸಣ್ಣ ಸಣ್ಣ ಕರಿ ಬಾವುಟ ಸಿಕ್ಕಿಸಿದ್ದರು. ಒಂದು ಮನೆಯ ಮುಂದೆ ಬಿಳಿ ಮುಂಡು ಉಟ್ಟ ಗಂಡಸರು ಸದ್ದಿಲ್ಲದೆ ನಿಂತಿದ್ದರು.

"ಇಲ್ಲೂ ಶುರುವಾಯ್ತು ನೋಡಮ್ಮ! ಅಳಿಯಂದಿರೇ, ಸ್ವಲ್ಪ ನಿಲ್ಸಿ, ಇವರದೇನು ಗೋಳು ಕೇಳೋಣ."

ನಮ್ಮ ಕಡೆ ಕರಿ ಬಾವುಟವೆಂದರೆ ಪ್ರತಿಭಟನೆ. ಸಾವಾದರೆ ತಮಟೆ ಕೇಳಬೇಕು, ಬಾಗಿಲ ಮುಂದೆ ಬೆಂಕಿ ಹೊಗೆಯಾಡಬೇಕು. ಕಾರು ನಿಂತಿತು. ಅಪ್ಪ ಅದೇ ಠೀವಿಯಲ್ಲಿ ಅದೇ ಪ್ರಶ್ನೆ ಕೇಳಿದರು. ಗಡ್ಡ ಬೋಳಿಸದ ಒಬ್ಬ ಯುವಕ ಕಿಟಕಿಯ ಹತ್ತಿರ ಬಂದು ಬಗ್ಗಿದ.

"ನೋ ಡಿಮ್ಯಾಂಡ್, ಸರ್. ಮೈ ಫಾದರ್ ಈಸ್ ನೋ ಮೋರ್."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು. ಅಪ್ಪ ನನ್ನ ಕಡೆ ತಿರುಗಿದರು. "ಇಂಥದಕ್ಕೆ ಸಾರಿ ಸಾಲದು. ತಪ್ಪಾಯ್ತು ಅನ್ನೋದಕ್ಕೆ ಇವರ ಭಾಷೇಲಿ ಏನಮ್ಮ?"

ನನಗೆ ಗೊತ್ತಿರಲಿಲ್ಲ, ಆಫೀಸಿನ ಇಂಗ್ಲಿಷಿನಲ್ಲೇ ದಿನ ದೂಡುವ ನಮ್ಮವರಿಗೂ ಇಲ್ಲ. ಎಷ್ಟು, ಬೇಡ, ನಾಳೆ ಬಾ. ತರಕಾರಿಯವಳ ಜೊತೆ ಏಗುವಷ್ಟೇ ನನ್ನ ಮಲಯಾಳ. ಅಪ್ಪ ಇಳಿದರು. ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು ಕೈಮುಗಿದು ನಿಂತರು. ಬೀದಿಯಲ್ಲಿ ಅವರ ಬೋಳುತಲೆ ನಾನು ಕಂಡದ್ದು ಅದೇ ಮೊದಲು. ಆ ಯುವಕ ಬೈಯಲಿಲ್ಲ. ಅವರನ್ನು ಕೈಹಿಡಿದು ಒಳಗೆ ಕರೆದೊಯ್ದು ಕುರ್ಚಿ ಹಾಕಿದ. ಬೈದಿದ್ದರೇ ಚೆನ್ನಾಗಿತ್ತು. ಬಾಗಿಲಲ್ಲಿದ್ದ ಹೆಂಗಸರು ನನ್ನ ಕಡೆ ನೋಡುತ್ತಿದ್ದರು. ನಾನು ಸೆರಗು ಎಳೆದುಕೊಂಡು ಸೀಟಿಗೆ ಅಂಟಿಕೊಂಡೇ ಕೂತಿದ್ದೆ.

ವಾಪಸು ಬರುವಾಗ ಪೇಟ ಅಪ್ಪನ ತೊಡೆಯ ಮೇಲಿತ್ತು. ಸಂಜೆ ಅವರು ಬಟ್ಟೆ ಮಡಿಸಿ ಟ್ರಂಕಿಗೆ ತುಂಬತೊಡಗಿದರು. ಯಾಕಪ್ಪ ಎಂದೆ.

"ಆ ಹುಡುಗ ನಾಳೆ ದಾರೀಲಿ ಸಿಕ್ಕಿದ್ರೆ ನನಗೆ ಅವನ ಭಾಷೇಲಿ ಮಾತಾಡೋಕೆ ಬರಲ್ಲ ಕಣಮ್ಮ. ನಿನಗೂ ಬರಲ್ಲ."

ಎಷ್ಟು ಗೋಗರೆದರೂ ನಿಲ್ಲಲಿಲ್ಲ. ಅಣ್ಣನ ಮನೆಗೇ ಹಿಂತಿರುಗಿದರು. ಅವರನ್ನು ರೈಲು ಹತ್ತಿಸಿ ಬಂದ ಮೇಲೆ ಪಕ್ಕದ ಮನೆಯ ಚೇಚಿಯನ್ನು, ಆ ಮಲಯಾಳಿ ಅಕ್ಕನನ್ನು, ಅಪ್ಪ ಕೇಳಿದ ಮಾತಿಗೆ ಏನೆನ್ನುತ್ತಾರೆಂದು ಕೇಳಿದೆ. "ಕ್ಷಮಿಕ್ಕಣಂ" ಎಂದರು ಆಕೆ. ನಮ್ಮ ಕ್ಷಮಿಸಿಯೇ. ಆ ಓಣಿಯಲ್ಲಿ ನಾನು ಕನ್ನಡದಲ್ಲೇ ಅಂದಿದ್ದರೂ ಅವರಿಗೆ ತಿಳಿಯುತ್ತಿತ್ತು. ಕಾರಿನಿಂದ ಇಳಿಯಬೇಕಿತ್ತು, ಅಷ್ಟೆ.