ಬೆಟ್ಟದ ಮೇಲೆ ಕೊಟ್ಟ ಮಾತು

ಹೋದ ವಾರ ಊಟಕ್ಕೆಂದು ಆಫೀಸಿನ ಪಕ್ಕದ ಪಿಜ್ಜಾ ಅಂಗಡಿಗೆ ಹೋಗಿದ್ದೆವು. ಎದುರಿಗೆ ಕೂತಿದ್ದ ಸಹೋದ್ಯೋಗಿ ಮೇಜಿನ ಮೇಲಿದ್ದ ಡಬ್ಬಿ ಎತ್ತಿ ತನ್ನ ಪಿಜ್ಜಾದ ಮೇಲೆ ಒರೆಗಾನೊ ಉದುರಿಸಿದ. ಬಿಸಿ ಚೀಸಿಗೆ ತಾಗಿದ್ದೇ ತಡ, ವಾಸನೆ ಎದ್ದಿತು. ಥೇಟ್ ದೊಡ್ಡಪತ್ರೆಯ ವಾಸನೆ… ನಾನು ಕೈಯಲ್ಲಿದ್ದ ತುಂಡನ್ನು ತಟ್ಟೆಗೇ ಇಟ್ಟೆ. ಅವನು ಏನೋ ಮೀಟಿಂಗಿನ ವಿಷಯ ಹೇಳುತ್ತಿದ್ದ, ನಾನು ತಲೆಯಾಡಿಸುತ್ತಿದ್ದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗಿತ್ತಿ.

ಈ ಎರಡರ ವಾಸನೆ ಒಂದೇ ಎಂದು ನನಗೆ ತೋರಿಸಿಕೊಟ್ಟವರು ಮಗಳ ಕನ್ನಡ ಮೇಷ್ಟ್ರು. ತೋರಿಸಿದ್ದು ಗ್ರೀಸಿನ ಕೊರ್ಫು ದ್ವೀಪದ ಒಂದು ಬೆಟ್ಟದ ತುದಿಯಲ್ಲಿ. ಒಂಬತ್ತು ವರ್ಷದ ಹಿಂದಿನ ಮಾತು.

ನಾವಿರುವುದು ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನಲ್ಲಿ. ಮಗಳಿಗೆ ಆಗ ಹನ್ನೊಂದು ವರ್ಷ. ಇಲ್ಲಿ ಶಾಲೆಯ ಮಕ್ಕಳಿಗೆ ಅವರವರ ಮನೆಮಾತನ್ನೂ ಕಲಿಸುತ್ತಾರೆ. ಆದರೆ ಒಂದು ಭಾಷೆಗೆ ಊರಿನಲ್ಲಿ ಐದು ಮಕ್ಕಳಾದರೂ ಇರಬೇಕು. ಇದ್ದರೆ ಕೊಮ್ಯೂನ್, ಅಂದರೆ ಇಲ್ಲಿಯ ನಗರಸಭೆ, ಒಬ್ಬ ಮೇಷ್ಟ್ರನ್ನು ಹುಡುಕಿ ಸಂಬಳ ಕೊಡುತ್ತದೆ. ಐದಕ್ಕಿಂತ ಕಡಿಮೆಯಾದರೆ ತರಗತಿ ಮುಚ್ಚಬಹುದು. ನಮ್ಮ ಕನ್ನಡಕ್ಕೆ ಆರು ಮಕ್ಕಳಿದ್ದರು.

ಮೇಷ್ಟ್ರು ಧಾರವಾಡದ ಕಡೆಯವರು, ಅಲ್ಲಿಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿದ್ದವರು. ಐಟಿ ಕೆಲಸ ಸಿಕ್ಕಿದ್ದು ಅವರ ಹೆಂಡತಿಗೆ. ಇವರು ಹೆಂಡತಿಯ ಪರ್ಮಿಟ್ಟಿನ ಮೇಲೆ ಬಂದು ಎರಡು ವರ್ಷ ಮನೆಯಲ್ಲೇ ಇದ್ದರು. ಭಾನುವಾರ ನಾವೆಲ್ಲ ಊಟಕ್ಕೆ ಸೇರಿದಾಗ ನಮ್ಮ ಗಂಡಸರು "ಮೇಷ್ಟ್ರೇ, ಇವತ್ತೇನು ಅಡುಗೆ?" ಎಂದು ಕಿಚಾಯಿಸುತ್ತಿದ್ದರು. ಅವರು ಅದನ್ನು ನಿಜವಾದ ಪ್ರಶ್ನೆಯೆಂದೇ ತಿಳಿದು ಪಲ್ಯ, ಸಾರು ಎಲ್ಲ ಹೇಳುತ್ತಿದ್ದರು. ಕನ್ನಡ ತರಗತಿಯ ಕೆಲಸ ಸಿಕ್ಕಿದ ಮೇಲೆ ಮಾತ್ರ ಆಳೇ ಬದಲಾದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ಕೊಮ್ಯೂನ್ ಕೊಟ್ಟ ಗುರುತಿನ ಕಾರ್ಡನ್ನು ಭಾನುವಾರದ ಊಟಕ್ಕೂ ಕೊರಳಲ್ಲಿ ಹಾಕಿಕೊಂಡು ಬರುತ್ತಿದ್ದರು. ನಾವು ಅದಕ್ಕೂ ನಕ್ಕೆವು.

ತರಗತಿ ಇದ್ದದ್ದು ಮಗಳ ಶಾಲೆಯಲ್ಲೇ, ಗುರುವಾರ ಸಂಜೆ. ಆ ವರ್ಷ ಮಗಳ ಹ್ಯಾಂಡ್‌ಬಾಲ್ ಅಭ್ಯಾಸವೂ ಗುರುವಾರಕ್ಕೆ ಬಂತು. ಅವಳಿಗೆ ಹ್ಯಾಂಡ್‌ಬಾಲ್ ಬೇಕು, ಕನ್ನಡ ಬೇಡ. ನನಗೂ ವಾರವಾರ ಅವಳನ್ನು ಎಳೆದುಕೊಂಡು ಹೋಗಿ ಸಾಕಾಗಿತ್ತು. ಮುಂದಿನ ವರ್ಷ ಬಿಡಿಸುವುದು ಎಂದು ಮಾರ್ಚಿನಲ್ಲೇ ತೀರ್ಮಾನವಾಗಿತ್ತು. ಮೇಷ್ಟ್ರಿಗೆ ಒಂದು ಮಾತು ಹೇಳಬೇಕಿತ್ತು, ಅಷ್ಟೆ. ಆದರೆ ದಾಕ್ಷಿಣ್ಯ! ಈ ವಾರ ಹೇಳೋಣ, ಮುಂದಿನ ವಾರ ಹೇಳೋಣ ಎನ್ನುತ್ತಲೇ ಮೇ ತಿಂಗಳು ಬಂತು.

ಮೇ ತಿಂಗಳ ನಾಲ್ಕು ದಿನದ ರಜೆಗೆ ಮೂರು ಮನೆಯವರು ಸೇರಿ ಕೊರ್ಫುವಿಗೆ ಹೋದೆವು. ನಾವು, ಮೇಷ್ಟ್ರು ದಂಪತಿ, ಮತ್ತು ನಮ್ಮ ಬೀದಿಯಲ್ಲೇ ಇದ್ದ ಇನ್ನೊಂದು ಬೆಂಗಳೂರಿನ ಸಂಸಾರ. ಅವರ ಮಗನೂ ಕನ್ನಡ ತರಗತಿಯವನೇ. ಎರಡನೆಯ ದಿನ ದ್ವೀಪದ ಅತಿ ಎತ್ತರದ ಬೆಟ್ಟಕ್ಕೆ ಹೊರಟೆವು. ಮೇಲೆ ಹೋದಂತೆ ಮರಗಳು ಮುಗಿದು ಬರೀ ಬಿಳಿ ಕಲ್ಲು. ರಸ್ತೆ ಎಷ್ಟು ಕಿರಿದೆಂದರೆ ಎದುರಿಗೆ ಕಾರು ಬಂದಾಗಲೆಲ್ಲ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ತುದಿಯಲ್ಲಿ ಒಂದು ಹಳೆಯ ಮಠ, ಅದರ ಅಂಗಳದ ನಡುವೆಯೇ ದೊಡ್ಡ ಟಿವಿ ಟವರ್. "ದೇವರಿಗೆ ಸಿಗ್ನಲ್ ಪ್ರಾಬ್ಲಮ್ ಇಲ್ಲ," ಎಂದರು ನಮ್ಮೆಜಮಾನರು.

ಸುತ್ತ ಸಮುದ್ರ. ಆಚೆ ಕೈಗೆಟಕುವಷ್ಟು ಹತ್ತಿರದಲ್ಲಿ ಅಲ್ಬೇನಿಯಾದ ಬೆಟ್ಟಗಳು… ಅಷ್ಟು ಚೆಂದದ ಜಾಗವನ್ನು ನಾನು ಆಮೇಲೆ ನೋಡಿಲ್ಲ. ನೋಡಿದ್ದರೂ ಮನಸ್ಸಿಗೆ ಹತ್ತಿಲ್ಲ.

ಮೇಷ್ಟ್ರು ಕೈಚೀಲದಿಂದ ಎರಡು ನೋಟ್‌ಬುಕ್ ತೆಗೆದರು. ಬೆಟ್ಟದ ಮೇಲೆ ಕಂಡದ್ದನ್ನು ಮಕ್ಕಳಿಬ್ಬರೂ ಹತ್ತು ವಾಕ್ಯದಲ್ಲಿ ಬರೆಯಬೇಕಂತೆ. "ಮೊಸ್ಟೆ ವೀ?" ಎಂದು ಮುಖ ಸಿಂಡರಿಸಿದಳು ಮಗಳು. ಬರೆಯಲೇಬೇಕಾ ಎಂದು ಸ್ವೀಡಿಶ್‌ನಲ್ಲಿ. "ಮೊಸ್ಟೆ, ಮೊಸ್ಟೆ," ಎಂದು ಮೇಷ್ಟ್ರು ನಕ್ಕರು. ಕಲ್ಲಿನ ಸಂದಿಯಲ್ಲಿ ಬೆಳೆದಿದ್ದ ಕಾಡು ಒರೆಗಾನೊ ಸೊಪ್ಪನ್ನು ಕಿತ್ತು, ಅಂಗೈಯಲ್ಲಿ ತಿಕ್ಕಿ, ಒಬ್ಬೊಬ್ಬರ ಮೂಗಿಗೂ ಹಿಡಿದರು. "ದೊಡ್ಡಪತ್ರಿ ಇದ್ದಂಗ ಇಲ್ಲೇನ್ರಿ?"

ಆಗಲೇ ನನ್ನ ಫೋನು ಗುಂಯ್ ಎಂದಿತು. ಕೊಮ್ಯೂನಿನಿಂದ ನೆನಪೋಲೆ. ಮುಂದಿನ ವರ್ಷವೂ ಮನೆಮಾತಿನ ಪಾಠ ಬೇಕೇ, ಬೇಡವೇ ತಿಳಿಸಲು ಅಂದೇ ಕೊನೆಯ ದಿನ. ಟವರಿನ ಬುಡದಲ್ಲಿ ಸಿಗ್ನಲ್ಲಿಗೇನು ಕೊರತೆ? ನಾನು ಸ್ವಲ್ಪ ಈಚೆ ಬಂದು ನಿಂತೆ. ಆರರಲ್ಲಿ ಒಂದು ಹೋದರೆ ಐದು ಉಳಿಯುತ್ತದೆ, ತರಗತಿಗೆ ಏನೂ ಆಗುವುದಿಲ್ಲ. ಬೇಡ ಎಂಬುದನ್ನು ಒತ್ತಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ತಲೆ ಎತ್ತಿದರೆ ಮೇಷ್ಟ್ರು ಪಕ್ಕದಲ್ಲೇ ನಿಂತು ಸಮುದ್ರ ನೋಡುತ್ತಿದ್ದರು. ಬೆಂಗಳೂರಿನವರ ನಡುವೆ ತಮ್ಮ ಕಡೆಯ ಮಾತನ್ನು ಆದಷ್ಟು ಅಡಗಿಸಿಟ್ಟುಕೊಂಡು ನನ್ನನ್ನು ಮೇಡಂ ಎನ್ನುತ್ತಿದ್ದವರು ಅವತ್ತು ಎರಡನ್ನೂ ಬಿಟ್ಟರು.

"ಅಕ್ಕಾರ, ನಿಮ್ಮ ಹುಡುಗಿ ಮುಂದಿನ ವರ್ಷಾನೂ ಬರ್ತಾಳಲ್ರಿ?"

"ಬರದೇ ಏನು ಮೇಷ್ಟ್ರೇ. ಖಂಡಿತ ಬರ್ತಾಳೆ."

"ಅಷ್ಟ್ ಸಾಕ್ರಿ. ಈ ಕೆಲಸ ಒಂದ್ ಇಲ್ಲಂದ್ರ ನಾ ಈ ದೇಶದಾಗ ಯಾರೂ ಅಲ್ಲ ನೋಡ್ರಿ."

ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು. ಒತ್ತಿದ್ದನ್ನು ಬದಲಾಯಿಸಲು ಸಂಜೆಯವರೆಗೂ ಸಮಯವಿತ್ತು. ನಾನು ಎಲ್ಲರನ್ನೂ ಕರೆದು ಫೋಟೊ ತೆಗೆದೆ.

ಆಗಸ್ಟಿನಲ್ಲಿ ಶಾಲೆ ಶುರುವಾದಾಗ ಕನ್ನಡ ತರಗತಿ ಇರಲಿಲ್ಲ. ನಾಲ್ಕೇ ಮಕ್ಕಳು ಉಳಿದಿದ್ದರಂತೆ. ಬಿಟ್ಟವರು ಯಾರು ಎಂದು ಕೊಮ್ಯೂನ್ ಹೇಳುವುದಿಲ್ಲ. ಮೇಷ್ಟ್ರಿಗೂ ಲೆಕ್ಕ ಗೊತ್ತಾಯಿತೇ ಹೊರತು ಹೆಸರು ಗೊತ್ತಾಗಲಿಲ್ಲ. ಎರಡನೆಯವರು ಯಾರೆಂದು ನನಗೆ ತಿಳಿದದ್ದು ಸೂಪರ್‌ಮಾರ್ಕೆಟ್ಟಿನಲ್ಲಿ, ನಮ್ಮ ಬೀದಿಯ ಆ ಬೆಂಗಳೂರಿನವಳ ಬಾಯಿಂದಲೇ. "ಹೇಗೂ ನೀವಿದ್ದೀರಲ್ಲ, ಐದು ಜನ ಆಗ್ತಾರೆ ಅಂತ ಬಿಡಿಸ್ಬಿಟ್ಟೆ ಕಣ್ರೀ. ಮೇಷ್ಟ್ರಿಗೆ ಹೇಳೋಕೆ ಒಂಥರಾ ಆಯ್ತು," ಎಂದಳು. ಅವಳು ಒತ್ತಿದ್ದೂ ಅದೇ ದಿನ, ಅದೇ ಬೆಟ್ಟದ ಮೇಲೆ. ನನಗೆ ಅವಳ ಮೇಲೆ ಸಿಟ್ಟು ಬಂತು. ಸುಳ್ಳಲ್ಲ, ಮೈ ಉರಿದುಹೋಯಿತು. ಎಂಥ ಹೆಂಗಸಪ್ಪಾ ಎಂದುಕೊಂಡೆ. ನಾನೂ ಬಿಡಿಸಿದ್ದೇನೆ ಎಂದು ಮಾತ್ರ ಹೇಳಲಿಲ್ಲ.

ಒಂದು ದಿನ ಮೇಷ್ಟ್ರು ಮಗಳ ನೋಟ್‌ಬುಕ್ ಕೊಡಲು ಮನೆಗೆ ಬಂದರು. ಕೊರಳಲ್ಲಿ ಕಾರ್ಡ್ ಇರಲಿಲ್ಲ. ಕಾಫಿ ಕುಡಿದರು, ಹ್ಯಾಂಡ್‌ಬಾಲ್ ಹೇಗಿದೆಯೆಂದು ಮಗಳನ್ನು ಕೇಳಿದರು, ಹೊರಟರು. ಅವರು ಹೋದ ಮೇಲೆ ನೋಟ್‌ಬುಕ್ ತೆರೆದೆ. ‘ಬೆಟ್ಟದ ಮೇಲೆ ಟವರ್ ಇದೆ. ಗಾಳಿ ಇದೆ. ಅಮ್ಮ ಫೋನು ನೋಡುತ್ತಾ ಇದ್ದಾಳೆ.’ ಹತ್ತೂ ವಾಕ್ಯಗಳ ಮುಂದೆ ಕೆಂಪು ಶಾಯಿಯಲ್ಲಿ ‘ಸರಿ’ ಎಂದು ಬರೆದಿದ್ದರು.

ಆಮೇಲೆ ಅವರು ಅದೇ ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದರು. ತಾವು ಪಾಠ ಹೇಳಿದ್ದ ಮಕ್ಕಳ ಎಂಜಲು ತಟ್ಟೆಗಳನ್ನು ತೊಳೆಯುತ್ತಿದ್ದರು. ನಾನು ಮಗಳನ್ನು ಕರೆತರಲು ಹೋದಾಗ ಹಿಂದಿನ ಬಾಗಿಲ ಕಡೆ ಹೋಗುತ್ತಲೇ ಇರಲಿಲ್ಲ. ಎರಡು ವರ್ಷದ ನಂತರ ಅವರ ಹೆಂಡತಿಗೆ ಗೋಥೆನ್‌ಬರ್ಗಿನಲ್ಲಿ ಕೆಲಸವಾಗಿ ಊರು ಬಿಟ್ಟರು. ಆಮೇಲೆ ಯುಗಾದಿಗೊಂದು ಮೆಸೇಜು, ದೀಪಾವಳಿಗೊಂದು ಮೆಸೇಜು… ಕಳೆದ ಚಳಿಗಾಲದಲ್ಲಿ ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡರು.

ಹೋದ ತಿಂಗಳು ಅವರ ಹೆಂಡತಿಯ ಫೋನ್ ಬಂತು. ಅಲ್ಲಿಯ ಕನ್ನಡದವರು ಸೇರಿ ಮೇಷ್ಟ್ರ ನೆನಪಿಗೆ ಒಂದು ಸಣ್ಣ ಸಂಚಿಕೆ ತರುತ್ತಿದ್ದಾರಂತೆ.

"ಅದಕ್ಕ ನೀವು ಬರೀಬೇಕ್ರಿ ಅಕ್ಕಾರ. ನಮ್ಮವರು ಕಡೀತನಕ ಅಂತಿದ್ರು, ಎಲ್ಲಾರೂ ಕೈ ಬಿಟ್ರು, ಆ ಅಕ್ಕಾರ ಒಬ್ರು ಬಿಡಲಿಲ್ಲ, ಗುಡ್ಡದ ಮ್ಯಾಲೆ ನಿಂತು ಮಾತು ಕೊಟ್ಟಿದ್ರು ಅಂತ."

ಹೇಳಬಹುದಿತ್ತು. ಒಂಬತ್ತು ವರ್ಷ ಕಳೆದಿದೆ, ಎದುರಿಗೆ ಮುಖವೂ ಇಲ್ಲ, ಬರೀ ದನಿ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಆ ಕಡೆಯಿಂದ ಅವರೂ ಅತ್ತರು, ನನ್ನ ಅಳುವನ್ನು ಬೇರೆ ಏನೋ ಎಂದು ತಿಳಿದು. "ಬರೀತೀನಿ," ಎಂದೆ.

ಬರೆದು ಕಳಿಸಿದೆ ಕೂಡ. ಸಂಚಿಕೆ ಅಚ್ಚಿಗೆ ಹೋಗಿ ಹದಿನೈದು ದಿನವಾಯಿತು. ಮಗಳೀಗ ಲುಂಡ್‌ನಲ್ಲಿ ಓದುತ್ತಿದ್ದಾಳೆ, ಕನ್ನಡ ಓದಲು ಅವಳಿಗೆ ಬರುವುದಿಲ್ಲ. ಆದ್ದರಿಂದ ಆ ಪುಟವಾಗಲಿ, ಈಗ ಬರೆಯುತ್ತಿರುವ ಈ ಪುಟವಾಗಲಿ ಅವಳ ಕಣ್ಣಿಗೆ ಬೀಳುವ ಭಯವಿಲ್ಲ. ಅಚ್ಚಾಗುತ್ತಿರುವ ಆ ಲೇಖನದಲ್ಲಿ ನನ್ನ ಮಗಳು ಕೊನೆಯ ದಿನದವರೆಗೂ ಮೇಷ್ಟ್ರ ತರಗತಿಯಲ್ಲಿದ್ದಾಳೆ.