ಅದು ನಿನ್ನ ಅಜ್ಜಿಯ ದನಿಯೇ

ಮೇಘನಾ, ನೀನು ಸುಳ್ಳು ಹೇಳಿರಲಿಲ್ಲ. ಆ ವಿಡಿಯೋ ಆಟದಲ್ಲಿ ಬಾವಿಯೊಳಗಿಂದ ಶಪಿಸುವ ಮುದುಕಿಯ ದನಿ ನಿನ್ನ ಅಜ್ಜಿಯದೇ. ಅದನ್ನು ಅವರ ಒಪ್ಪಿಗೆ ಕೇಳದೆ ತೆಗೆದುಕೊಂಡೆ ಎಂದು ಮೊದಲು ಬರೆದಿದ್ದೆ — ಹೊಡೆದು ಹಾಕಿದೆ. ಕದ್ದೆ.

ಇಂಗ್ಲೆಂಡಿನ ಲೆಮಿಂಗ್ಟನ್ನಿನಲ್ಲಿ ಆಗ ನಮ್ಮದು ಅಕ್ಕಪಕ್ಕದ ಮನೆ. ನಿನ್ನಮ್ಮ ಸುಮಾಗೆ ಡಾಕ್ಟರ್ ಕೆಲಸದಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲ; ನಿನ್ನನ್ನು ನೋಡಿಕೊಳ್ಳಲು ಅಜ್ಜಿ ಮೈಸೂರಿನಿಂದ ಬಂದಿದ್ದರು. ನಾನು ವಿಡಿಯೋ ಗೇಮ್‌ಗಳಿಗೆ ಶಬ್ದ ಕೂಡಿಸುವವಳು. ನಮ್ಮ ಪುಟ್ಟ ಸ್ಟುಡಿಯೋದ ಆಟವನ್ನು ಲಾಸ್ ಏಂಜಲಿಸ್‌ನ ದೊಡ್ಡ ಕಂಪನಿಯೊಂದು ನೋಡಬೇಕೆಂದಿತ್ತು. ಅಮೆರಿಕದಲ್ಲಿ ಗೆದ್ದರೆ ಮಾತ್ರ ಗೆಲುವು — ಅಂಥ ಹುಚ್ಚು ನನಗೆ.

ಅಲ್ಲಿಗೆ ಹೊರಡುವ ಹಿಂದಿನ ದಿನ ಅಜ್ಜಿ ನನ್ನನ್ನು ನಿಮ್ಮ ಅಡುಗೆಮನೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಮೆಣಸಿನಕಾಯಿ ಸುಟ್ಟರೆ ಹೊಗೆ ಅಲಾರಂ ಬಡಿದುಕೊಳ್ಳುತ್ತದೆ ಎಂದು ಬರೀ ಉಪ್ಪು ಹಿಡಿದು ನಿವಾಳಿಸಿದರು. “ನಾಯಿ ಕಣ್ಣು, ನರಿ ಕಣ್ಣು, ಬೀದಿ ಕಣ್ಣು, ಬಿಳಿಯರ ಕಣ್ಣು — ಎಲ್ಲಾ ಸುಟ್ಟು ಹೋಗ್ಲಿ!” ಬಿಳಿಯರನ್ನು ಅವರೇ ಸೇರಿಸಿದ್ದು. ಹಲ್ಲಿನ ಸೆಟ್ ತೆಗೆದಿಟ್ಟ ಬಾಯಿಯ ಆ ಪಿಸುದನಿ... ಶಬ್ದದ ಚಟ ನನ್ನದು, ಫೋನಿನಲ್ಲಿ ಹಿಡಿದುಕೊಂಡೆ. “ಗೆದ್ಕೊಂಡ್ ಬಾ ವೀಣಾ,” ಎಂದು ಹರಸಿದರು.

ಲಾಸ್ ಏಂಜಲಿಸ್‌ನಲ್ಲಿ ನಮ್ಮ ಆಟದ ಬಾವಿಯ ಮುದುಕಿಗೆ ನಾನು ಮೊದಲು ಕೂಡಿಸಿದ್ದ ದನಿ ಯಾರನ್ನೂ ಹೆದರಿಸಲಿಲ್ಲ. ನಾಳೆ ಬೇರೆ ದನಿ ತಂದರೆ ನೋಡೋಣ ಎಂದರು. ಹೋಟೆಲಿಗೆ ಬಂದು ಅಜ್ಜಿಯ ದನಿಯನ್ನು ತಗ್ಗಿಸಿದೆ, ಎಳೆದೆ, ಬಾವಿಯ ಪ್ರತಿಧ್ವನಿ ಕೊಟ್ಟೆ. ಮರುದಿನ ಒಬ್ಬಾಕೆ ರೋಮ ನಿಮಿರಿದ ತನ್ನ ಕೈಯನ್ನು ಎಲ್ಲರಿಗೂ ತೋರಿಸಿದಳು. ಯಾರ ದನಿ ಎಂದು ಕೇಳಿದರು. ಒಬ್ಬ ನಟಿಯದು, ಒಪ್ಪಿಗೆ ಇದೆ, ಎಂದೆ. ನನ್ನನ್ನು ಕಾಯಲೆಂದು ಆಡಿದ ಮಾತನ್ನು ಶಾಪ ಮಾಡಿ ಮಾರಿ ಬಂದೆ.

ಆಟ ಗೆದ್ದಿತು. ನಿನ್ನ ಗೆಳತಿಯ ಮನೆಯಲ್ಲಿ ಅವಳ ಅಣ್ಣ ಆಡುತ್ತಿದ್ದಾಗ ಕೇಳಿಸಿಕೊಂಡು ನೀನು ನಮ್ಮ ಮನೆಗೇ ಓಡಿ ಬಂದೆ. ಸುಮಾ ಅಲ್ಲೇ ಇದ್ದಳು. “ಆಂಟಿ, ದಟ್ಸ್ ಅಜ್ಜಿ! ಐ ನೋ ಇಟ್ಸ್ ಅಜ್ಜಿ!”

“ಇಲ್ಲ ಕಣೇ ಪುಟ್ಟಿ, ಅದ್ಯಾರೋ ಆ್ಯಕ್ಟ್ರೆಸ್ಸು,” ಎಂದೆ. ನಗುತ್ತಾ ಹೇಳಿದೆ ಮೇಘನಾ. ಹಾಗೆಲ್ಲ ಸುಳ್ಳು ಹೇಳಬಾರದೆಂದು ಸುಮಾ ನಿನ್ನಿಂದ ನನಗೆ ಸಾರಿ ಹೇಳಿಸಿದಳು. ನೀನು ಹೇಳಿದೆ, ನಾನು ಕೇಳಿಸಿಕೊಂಡೆ.

ಆಮೇಲೆ ಅಜ್ಜಿ ಉಪ್ಪು ಹಿಡಿದು ಬಂದರೆ ನೀನು ಚೀರಿ ಓಡುತ್ತಿದ್ದೆ. ಒಂದು ಮಧ್ಯಾಹ್ನ ಅವರು ಹಿತ್ತಲ ಬೇಲಿಯ ಹತ್ತಿರ ನನ್ನನ್ನು ಕರೆದರು. “ನಾನೇನ್ ಮಾಡ್ದೆ ವೀಣಾ? ನನ್ ದನಿ ಕೇಳಿದ್ರೆ ಮಗು ಕಿವಿ ಮುಚ್ಕೊಳ್ಳುತ್ತೆ.” ಮಕ್ಕಳೇ ಹಾಗೆ, ಸರಿಹೋಗುತ್ತಾಳೆ ಬಿಡಿ, ಎಂದೆ. ಆಟದ ಎರಡನೇ ಭಾಗದ ಮಾತುಕತೆ ನಡೆದಿತ್ತು. ಬಾಯಿ ಬಿಟ್ಟರೆ ಅಮೆರಿಕ ಕೈ ತಪ್ಪುತ್ತಿತ್ತು — ಅಷ್ಟೇ ಕಾರಣ, ಬೇರೆ ಇಲ್ಲ. ಅಜ್ಜಿ ವೀಸಾ ಮುಗಿಯುವ ಮೊದಲೇ ಮೈಸೂರಿಗೆ ಹೊರಟುಹೋದರು. ಕೊನೆಗಾಲದಲ್ಲಿ ಫೋನ್ ಮಾಡಿದಾಗಲೂ ನೀನು ಮಾತಾಡಲಿಲ್ಲವಂತೆ. ನಿನ್ನಮ್ಮ ಅದನ್ನು ನನ್ನ ಮುಂದೆಯೇ ಹೇಳಿ ಅತ್ತಳು.

ಈಗ ಉಪ್ಪಿನ ಡಬ್ಬಿ ತೆರೆದರೆ ಅವರು ಮಾತಾಡುತ್ತಾರೆ. ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದೇ ಪ್ರಶ್ನೆ — ನಾನೇನ್ ಮಾಡ್ದೆ ವೀಣಾ?

ನಿನ್ನೆ ಸುಮಾ ಫೋನ್ ಮಾಡಿದ್ದಳು. ನೀನು ಓದಲು ಅಮೆರಿಕಕ್ಕೆ ಹೊರಟಿದ್ದೀಯ. “ಅಮ್ಮ ಇದ್ದಿದ್ರೆ ದೃಷ್ಟಿ ತೆಗೀತಿದ್ರು. ನೀವೇ ಬಂದು ತೆಗೀರಿ,” ಎಂದಳು. ನನ್ನ ಕೈಯಿಂದ! ಅಯ್ಯೋ, ಅವಳಿಗೆ ಏನು ಗೊತ್ತು.

ನಾಳೆ ಬರುತ್ತೇನೆ, ಉಪ್ಪು ಹಿಡಿದಲ್ಲ. ಈ ಪತ್ರವನ್ನು ಸುಮಾಳ ಎದುರೇ ನಿನಗೆ ಓದಿ ಹೇಳುತ್ತೇನೆ. ಕ್ಷಮೆ ಕೇಳುವ ಮುಖವಿಲ್ಲ. ಮೂಲ ರೆಕಾರ್ಡಿಂಗ್ ನನ್ನಲ್ಲಿದೆ. ನಾನು ಕತ್ತರಿಸಿದ ಕೊನೆಯ ತುಣುಕನ್ನು ನೀನು ಕೇಳಲೇಬೇಕು. ಅದರಲ್ಲಿ ಅಜ್ಜಿ, “ಬಾರೇ ಪುಟ್ಟಿ, ನಿಂಗೂ ತೆಗೀತೀನಿ,” ಎನ್ನುತ್ತಾರೆ. ಮೆಟ್ಟಿಲ ಮೇಲೆ ನಿನ್ನ ಕಾಲಿನ ಸದ್ದು. ನೀನು ಓಡಿ ಬಂದು, ಅವರನ್ನು ತಬ್ಬಿಕೊಂಡು, ನಗುತ್ತೀಯ.