ಚಾವಡಿ ಮುಂದೆ ಆರು ತಿಂಗಳು ನಿಂತ ಗಾಡಿ

ಅಪ್ಪ ತೀರಿಕೊಂಡ ಮೇಲೆ ಊರಿನ ಮುನಸೀಪಿಕೆ ನನ್ನ ತಲೆಗೆ ಬಂತು. ಮುನಸೀಪ ಅಂದರೆ ಕೇಳುವುದಕ್ಕೆ ದೊಡ್ಡ ಹೆಸರು. ಕೆಲಸ ಮಾತ್ರ ಪಕ್ಕದ ಮೈಸೂರು ಸೀಮೆಯ ಪಟೇಲರು ಮಾಡುತ್ತಿದ್ದದ್ದೇ. ಕಂದಾಯ ಎತ್ತಬೇಕು, ಊರಿನ ಹುಟ್ಟು ಸಾವು ಬರೆದಿಡಬೇಕು, ಹೊಸೂರಿನ ತಾಲ್ಲೂಕು ಕಚೇರಿಯಿಂದ ಜವಾನ ಬಂದರೂ ಎದ್ದು ನಿಲ್ಲಬೇಕು. ಆಗ ಯುದ್ಧದ ಕಾಲ ಬೇರೆ. ದಾರಿ ಬದಿಯಲ್ಲಿ ಯಾರದೆಂದು ತಿಳಿಯದ ಗಾಡಿಯೋ ಸೈಕಲ್ಲೋ ಬಿದ್ದಿದ್ದರೆ ಕೂಡಲೇ ವರದಿ ಹೋಗಬೇಕಾಗಿತ್ತು. ಅದಕ್ಕೊಂದು ಕಾಯಿದೆ ಇತ್ತು. ನಾಲ್ಕು ಜನ ಪಂಚರನ್ನು ಕರೆದು ಮಹಜರು ಬರೆಯುವುದು, ಊರಲ್ಲೂ ಬೇರಿಕೆ ಸಂತೆಯಲ್ಲೂ ತಮಟೆ ಹೊಡೆಸುವುದು, ಆರು ತಿಂಗಳು ಚಾವಡಿ ಮುಂದೆ ಕಾಯುವುದು, ಯಾರೂ ಬರದಿದ್ದರೆ ಹರಾಜು ಹಾಕುವುದು. ಓದಿದರೆ ನ್ಯಾಯವಾಗಿಯೇ ಇದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಹುಣಸೆ ಬಡಿಯುವ ಕಾಲದಲ್ಲಿ ಒಂದು ಬೆಳಿಗ್ಗೆ ತಳವಾರ ಬಂದು, ಕೆರೆ ಕೋಡಿಯ ಹತ್ತಿರ ಒಂದು ಗಾಡಿ ನಿಂತಿದೆ, ಎತ್ತೂ ಇಲ್ಲ ಮನುಷ್ಯರೂ ಇಲ್ಲ ಅಂದ. ಯಾರ ಗಾಡಿ ಎಂದು ಕೇಳಿದರೆ ನೆಲ ನೋಡಿದ. ನಾನು ಹೋಗಿ ನೋಡಿದೆ. ಅದು ನನ್ನ ಭಾವನ ಗಾಡಿ.

ಭಾವನ ಗಾಡಿ ಅನ್ನುವುದೂ ತಪ್ಪೇ. ಅಕ್ಕನ ಮದುವೆಗೆ ನಮ್ಮಪ್ಪ ನಮ್ಮ ಹೊಲದ ಜಾಲಿ ಮರ ಕಡಿಸಿ ಮಾಡಿಸಿಕೊಟ್ಟ ಗಾಡಿ ಅದು. ಎಷ್ಟು ಕೀಲೆಣ್ಣೆ ಬಳಿದರೂ ಅದರ ಬಲಗಡೆಯ ಚಕ್ರ ತಿರುಗುವಾಗ ಕುಂಯ್ ಅನ್ನುತ್ತಿತ್ತು. ಅಕ್ಕನ ಊರು ನಮ್ಮೂರಿಂದ ಬೇರಿಕೆ ಕಡೆಗೆ ಒಂದೇ ಕೂಗಳತೆ. ಭಾವ ಬಾಡಿಗೆ ಹೊಡೆದು ಬರುವಾಗ ಕೋಡಿಯ ಹತ್ತಿರ ಗಾಡಿ ಕುಂಯ್ ಅಂದರೆ ಅಕ್ಕ ಮನೆಯಲ್ಲಿ ಎದ್ದು, ಕಾಲಿಗೆ ನೀರು ಅಂತ ಒಂದು ಚೊಂಬು ತುಂಬಿ ಜಗಲಿ ಮೇಲೆ ಇಡುತ್ತಿದ್ದಳು. ‘ಗಂಡ ಬರುವುದಕ್ಕೆ ಮುಂಚೆ ಗಂಡನ ಗಾಡಿ ಕೂಗುತ್ತೆ, ನಿನ್ನ ಪುಣ್ಯ’ ಎಂದು ನಾವೆಲ್ಲ ಛೇಡಿಸುತ್ತಿದ್ದೆವು. ಮೂರು ದಿನದ ಹಿಂದೆ ಭಾವ ಹುಣಸೆಹಣ್ಣು ಹೇರಿಕೊಂಡು ಕೃಷ್ಣಗಿರಿಗೆ ಹೋಗಿದ್ದರು. ಈಗ ಬರಿಗಾಡಿ ಕೋಡಿಯ ಹತ್ತಿರ ನಿಂತಿತ್ತು. ನೊಗದ ಹಗ್ಗ ಸುತ್ತಿ ಒಳಗಿಟ್ಟಿತ್ತು. ನೊಗ ಕಟ್ಟುವ ಮುಂದಿನ ಮರ, ಮೂಕಿ, ನೆಲಕ್ಕೆ ಬೀಳದ ಹಾಗೆ ಅದಕ್ಕೆ ಊರುಗೋಲು ಕೊಟ್ಟಿತ್ತು. ಎತ್ತುಗಳ ಹೆಜ್ಜೆ ರಸ್ತೆಯವರೆಗೆ ಕಂಡು, ಅಲ್ಲಿ ಬೇರೆ ಹೆಜ್ಜೆಗಳೊಳಗೆ ಸೇರಿಹೋಗಿತ್ತು.

ಇಲ್ಲಿಂದ ಮುಂದಿನದು ನನ್ನ ಬುದ್ಧಿವಂತಿಕೆ. ತಳವಾರ ನನಗಿಂತ ಮೊದಲು ಠಾಣೆಯವರಿಗೆ ಹೇಳಿಬಿಟ್ಟಿದ್ದ, ಹಾಗಾಗಿ ಮಹಜರು ಬರೆಯದೆ ವಿಧಿಯಿರಲಿಲ್ಲ. ಭಾವನ ಹೆಸರು ಬರೆದರೆ ಪೊಲೀಸರು ಅಕ್ಕನ ಮನೆ ಬಾಗಿಲಿಗೆ ಹೋಗುತ್ತಾರೆ, ಎಲ್ಲಿಗೆ ಹೋದ, ಯಾಕೆ ಹೋದ, ಮನೆಯಲ್ಲಿ ಜಗಳವಿತ್ತೇ ಎಂದು ಕೇಳುತ್ತಾರೆ. ಮುನಸೀಪನ ಭಾವ ಓಡಿಹೋದ ಎಂದು ಸಂತೆಯಲ್ಲಿ ಆಡಿಕೊಳ್ಳುತ್ತಾರೆ. ನಾಲ್ಕು ದಿನದಲ್ಲಿ ಭಾವ ಬಂದೇ ಬರುತ್ತಾರೆ, ಸದ್ದಿಲ್ಲದೆ ಗಾಡಿ ಕೊಟ್ಟು ಕಳಿಸಿದರಾಯಿತು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿ, ‘ವಾರಸುದಾರರು ಯಾರೆಂದು ತಿಳಿದುಬಂದಿಲ್ಲ’ ಎಂದು ಬರೆದೆ. ಪಂಚರು ನಾಲ್ವರಿಗೂ ಅದು ಯಾರ ಗಾಡಿ ಎಂದು ಗೊತ್ತಿತ್ತು. ಒಬ್ಬನಂತೂ ಅದರಲ್ಲಿ ಕೂತು ತನ್ನ ಮಗಳ ಮದುವೆಗೆ ಹೋಗಿ ಬಂದವನು. ನನ್ನ ಮುಖ ನೋಡಿ ನಾಲ್ವರೂ ಹೆಬ್ಬೆಟ್ಟು ಒತ್ತಿದರು.

ನಾಲ್ಕು ದಿನ ಹೋಯಿತು, ನಾಲ್ಕು ವಾರವೂ ಹೋಯಿತು. ಭಾವ ಬರಲಿಲ್ಲ. ಬೆಂಗಳೂರಲ್ಲಿ ದಂಡಿಗೆ ಸೇರಿದ ಅಂದರು, ಡೆಂಕಣಿಕೋಟೆ ಕಾಡಲ್ಲಿ ಆನೆ ತುಳಿಯಿತು ಅಂದರು, ಕೃಷ್ಣಗಿರಿಯಲ್ಲಿ ಇನ್ನೊಂದು ಸಂಸಾರ ಇತ್ತು ಅಂದರು. ಬಾಯಿಗೆ ಬಂದಂತೆ ಅಂದರು. ನಾನು ಕೃಷ್ಣಗಿರಿಗೆ ಎರಡು ಸಲ ಹೋಗಿ ಬಂದೆ. ಹುಣಸೆ ಮಂಡಿಯವರು, ಹಣ್ಣು ಇಳಿಸಿ ನಗುನಗುತ್ತಾ ಹೋದರಲ್ಲ ಎಂದು ನನ್ನನ್ನೇ ಕೇಳಿದರು.

ಗಾಡಿ ಚಾವಡಿ ಮುಂದೆ ನಿಂತಿತ್ತು. ಅಕ್ಕನಿಗೆ ಮಕ್ಕಳಿರಲಿಲ್ಲ, ಮನೆಯಲ್ಲಿ ಮುದುಕಿ ಅತ್ತೆ, ಹಿಂದೆ ಒಂದು ಚೂರು ರಾಗಿ ಹೊಲ. ಗಾಡಿ ಕೈಗೆ ಬಂದರೆ ಅವಳ ಮೈದುನ ಬೇರೆ ಎತ್ತು ಹೂಡಿ ಬಾಡಿಗೆ ಹೊಡೆಯುವುದಕ್ಕೆ ತಯಾರಾಗಿದ್ದ, ಮನೆ ನಡೆಯುತ್ತಿತ್ತು. ಬೇರೆ ದಾರಿ ಅವಳಿಗೆ ಇರಲಿಲ್ಲ. ನಾನು ತಾಲ್ಲೂಕು ಕಚೇರಿಗೆ ಹೋಗಿ, ಗಾಡಿ ನಮ್ಮ ಭಾವನದು, ಮೊದಲು ಗುರುತು ಹತ್ತಲಿಲ್ಲ ಎಂದು ತೊದಲಿದೆ. ಅಲ್ಲಿನ ಗುಮಾಸ್ತರು ಸೇಲಂ ಕಡೆಯ ತಮಿಳರು, ಕೆಟ್ಟವರಲ್ಲ. ಮಹಜರು ತೆಗೆದು ನನ್ನ ಮುಂದೆ ಇಟ್ಟು, ಇದು ಸುಳ್ಳೋ ನೀನು ಈಗ ಹೇಳುತ್ತಿರುವುದು ಸುಳ್ಳೋ ಎಂದು ತಣ್ಣಗೆ ಕೇಳಿದರು. ಇದು ಸುಳ್ಳಾದರೆ ಹೆಬ್ಬೆಟ್ಟು ಒತ್ತಿದ ನಾಲ್ವರನ್ನೂ ಕರೆಸಬೇಕಾಗುತ್ತದೆ ಅಂದರು. ಗಾಡಿ ಬೇಕಾದರೆ ಯಜಮಾನ ತಾನೇ ಬಂದು ರುಜು ಹಾಕಬೇಕು, ಇಲ್ಲವೇ ಅವನ ವಾರಸುದಾರರು ಬರಬೇಕು. ವಾರಸುದಾರರು ಬರಬೇಕಾದರೆ ಯಜಮಾನ ಸತ್ತಿರಬೇಕು. ನಾಪತ್ತೆ ಅಂದರೆ ಏಳು ವರ್ಷ ಕಾಯಬೇಕು. ಕಡೆಗೆ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ದನಿ ತಗ್ಗಿಸಿ, ಸಾವಿನ ಪುಸ್ತಕ ನಿನ್ನ ಹತ್ತಿರವೇ ಇದೆಯಲ್ಲಪ್ಪಾ ಅಂದರು. ಅದರ ಒಂದು ನಕಲು ತಂದರೆ ಹಳೆಯದನ್ನೇನೂ ಕೇಳುವುದಿಲ್ಲ ಅಂದರು.

ಹೌದು, ಸಾವಿನ ಪುಸ್ತಕ ನನ್ನ ಪೆಟ್ಟಿಗೆಯಲ್ಲೇ ಇತ್ತು. ಒಂದು ಸಾಲು ಬರೆದರೆ ಗಾಡಿ ಅಕ್ಕನದು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ನಾನೇ. ಕೊಡುವುದಕ್ಕೆ ನನಗೆ ಮನಸ್ಸಿತ್ತು, ಆದರೆ ಆ ಒಂದು ಸಾಲಿಗೆ ಅಕ್ಕನ ಕೊರಳಿನ ತಾಳಿ ಅಡ್ಡವಾಗಿತ್ತು. ಪುಸ್ತಕದಲ್ಲಿ ಬರೆದು ಊರಲ್ಲಿ ಮುಚ್ಚಿಡುವುದಕ್ಕಾಗುತ್ತದೆಯೇ? ಬರೆದ ದಿನವೇ ಅವಳು ಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು.

ಆದರೂ ಹೋಗಿ ಕೇಳಿದೆ. ಜಗಲಿ ಮೇಲೆ ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ನಾನು ಸುತ್ತಿ ಬಳಸಿ ಹೇಳುತ್ತಿದ್ದುದನ್ನು ಕೊನೆಯವರೆಗೂ ಕೇಳಿದಳು. ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

‘ಮೂಕಿಗೆ ಊರ್ಗೋಲು ಕೊಟ್ಟು ಹೋಗವ್ರೆ ಕಣ್ಲಾ. ಹಗ್ಗ ಸುತ್ತಿ ಮಡಗವ್ರೆ. ಸಾಯಕ್ಕೆ ಹೋಗೋರು ಗಾಡಿಗೆ ಊರ್ಗೋಲು ಕೊಟ್ಟಾರಾ? ಬರ್ಬೇಕು ಅಂತ್ಲೇ ಕೊಟ್ಟವ್ರೆ. ನೀನು ಬರ್ಕೋತಿಯ ಅಂತ ನಾನು ಬಳೆ ಒಡ್ಕಂಡು, ನಾಳೆ ಅವ್ರು ಬಂದು ಬಾಗ್ಲಲ್ಲಿ ನಿಂತ್ರೆ ಯಾವ ಮುಖ ತೋರ್ಸ್ಲಿ?’

ಒಂದಷ್ಟು ಕಾಯಿ ನಾನೂ ಸುಲಿದುಕೊಟ್ಟು ಬಂದೆ.

ಆಮೇಲೆ ಅವಳು ಸಂತೆಗೆ ಹೋಗುವಾಗೆಲ್ಲ ಚಾವಡಿ ಹತ್ತಿರ ನಿಲ್ಲುತ್ತಿದ್ದಳು. ಮಳೆ ಹಿಡಿದ ಮೇಲೆ ಚಕ್ರ ಕೆಸರಲ್ಲಿ ಹೂತುಕೊಂಡಿತು, ಗಾಡಿಯ ಕೆಳಗೆ ಯಾರದೋ ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂತಿತು. ಒಂದು ದಿನ ಸೆರಗಿನ ಮರೆಯಲ್ಲಿ ಬಿದಿರ ಗೊಟ್ಟದಲ್ಲಿ ಕೀಲೆಣ್ಣೆ ತಂದಳು. ಅಚ್ಚು ತುಕ್ಕು ಹಿಡಿಯುತ್ತೆ, ಇಷ್ಟು ಬಳಿದು ಹೋಗುತ್ತೀನಿ ಅಂದಳು. ಠಾಣೆಯ ಪೇದೆ ಚಾವಡಿಯಲ್ಲೇ ಕೂತಿದ್ದ. ಕಾಯಿದೆ ಪ್ರಕಾರ ಆ ಗಾಡಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ‘ಅಕ್ಕ, ಮುಟ್ಟಬಾರದು’ ಅಂದೆ. ನಮ್ಮಪ್ಪ ಕೊಟ್ಟ ಗಾಡಿಯನ್ನು ಮುಟ್ಟಬೇಡ ಎಂದು ನಮ್ಮಪ್ಪನ ಮಗ ನಾನೇ ಹೇಳಿದೆ. ಈಗ ಇದನ್ನು ಬರೆಯುವಾಗಲೂ ನನ್ನ ಕೈ ಕಡಿದು ಹಾಕಬೇಕು ಅನ್ನಿಸುತ್ತದೆ. ಅವಳು ಗೊಟ್ಟವನ್ನು ಚಾವಡಿ ಕಟ್ಟೆಯ ಮೇಲಿಟ್ಟು ಹೋದಳು. ಪೇದೆ ಎದ್ದು ಹೋದ ಮೇಲೆ ನಾನೇ ಬಳಿಯಬಹುದಾಗಿತ್ತು. ಹೆದರಿ ಬಳಿಯಲಿಲ್ಲ.

ಆರು ತಿಂಗಳಾಯಿತು. ಹರಾಜಿನ ದಿನ ರಾಗಿ ಹೊಲಗಳೆಲ್ಲ ತೆನೆ ಬಿಟ್ಟಿದ್ದವು. ಹರಾಜು ಕೂಗಿಸುವವನು ನಾನೇ ಆದ್ದರಿಂದ ನಾನಾಗಲಿ ನನ್ನ ಸಂಬಂಧಿಕರಾಗಲಿ ಸವಾಲು ಮಾಡುವಂತಿರಲಿಲ್ಲ. ನಮ್ಮೂರಿನವರು ಒಬ್ಬರೂ ಕೂಗಲಿಲ್ಲ. ಆ ಹೆಣ್ಣಿನ ಗಾಡಿ ನಮಗೆ ಬೇಡ ಎಂದು ಕೈಕಟ್ಟಿ ನಿಂತರು. ಏನೂ ತಿಳಿಯದ ಬೇರಿಕೆಯ ಕುಂಬಾರನೊಬ್ಬ ಕೂಗಿ ಕೊಂಡ. ಒಳ್ಳೆಯ ಮನುಷ್ಯ. ಸಾಚಾ ಜಾಲಿ ಮರ ಸ್ವಾಮಿ ಎಂದು ಚಕ್ರ ತಟ್ಟಿ ನೋಡಿ, ಎತ್ತು ಹೂಡಿಕೊಂಡು ಹೋದ. ಕೆಸರಿನಿಂದ ಮೇಲೆದ್ದ ಚಕ್ರ ಕುಂಯ್ ಅಂತು.

ಅವನು ವಾರಕ್ಕೊಂದು ಸಲ ಮಡಕೆ ಹೇರಿಕೊಂಡು ಹೊಸೂರು ಸಂತೆಗೆ ಹೋಗುವವನು. ಅವನ ದಾರಿ ಅಕ್ಕನ ಮನೆ ಮುಂದೆಯೇ. ಅಕ್ಕ ಅಷ್ಟರಲ್ಲಿ ಬೇರೆಯವರ ಹೊಲಕ್ಕೆ ರಾಗಿ ಕೊಯ್ಯಲು ಹೋಗುತ್ತಿದ್ದಳು. ಆದರೆ ಆ ದಿನ ಮಾತ್ರ ಕೂಲಿಗೆ ಹೋಗುವುದಿಲ್ಲ, ಸಂಜೆ ಆ ಗಾಡಿ ಕೋಡಿಯ ಹತ್ತಿರ ಕುಂಯ್ ಅಂದರೆ ಎದ್ದು ಚೊಂಬು ತುಂಬಿ ಜಗಲಿ ಮೇಲೆ ಇಡುತ್ತಾಳೆ, ಗಾಡಿ ದಾಟಿ ಹೋದ ಮೇಲೆ ಆ ನೀರನ್ನು ತುಳಸಿಗೆ ಹಾಕುತ್ತಾಳೆ ಎಂದು ಅವಳ ಅತ್ತೆ ನನ್ನ ಮುಂದೆ ಕಣ್ಣೀರಿಟ್ಟಳು. ಸುಮ್ಮನಿರಬೇಕಾಗಿತ್ತು. ನಾನು ಸುಮ್ಮನಿರುವ ಜಾತಿಯೇ? ನೇರ ಬೇರಿಕೆಗೆ ಹೋಗಿ ಕುಂಬಾರನಿಗೆ ಎಲ್ಲವನ್ನೂ ಹೇಳಿದೆ. ಆ ಸದ್ದು ಕೇಳಿ ನಮ್ಮಕ್ಕ ನರಳುತ್ತಾಳೆ, ಸ್ವಲ್ಪ ಸುತ್ತಾದರೂ ಬೇರೆ ದಾರಿ ಹಿಡಿಯಪ್ಪಾ ಎಂದು ಕೈಮುಗಿದೆ. ಅವನ ಕಣ್ಣಲ್ಲೂ ನೀರು ಬಂತು. ಆಗಲಿ ಸ್ವಾಮಿ ಅಂದ.

ಎರಡು ಸಂತೆ ಕಳೆಯಿತು. ಮೂರನೆಯ ವಾರ ಅಕ್ಕ ಚಾವಡಿಗೇ ಬಂದು, ಮಡಕೆ ಗಾಡಿ ಯಾಕೆ ಬರುತ್ತಿಲ್ಲ ಎಂದು ಕೇಳಿದಳು. ನಾನು ಮಾಡಿದ್ದನ್ನು ಹೇಳಿದೆ, ನಿನ್ನ ಒಳ್ಳೆಯದಕ್ಕೇ ಅಂದೆ.

‘ಅವ್ರಲ್ಲ ಅಂತ ನಂಗೆ ಗೊತ್ತಿಲ್ವೇನ್ಲಾ? ಗಾಡಿ ಹೋಯ್ತು, ಹೋಗ್ಲಿ ಅಂದೆ. ಅದ್ರ ಸದ್ದೊಂದು ಇತ್ತು. ಕೋಡಿಯಿಂದ ಮನೆಗಂಟ, ಅಷ್ಟೊತ್ತು ಅವ್ರು ಬತ್ತಾವ್ರೆ ಅಂತಿದ್ದೆ. ಅದ್ನೂ ಕಿತ್ಕಂಡ್ಬುಟ್ಯಲ್ಲ.’

ಮಾರನೆಯ ದಿನವೇ ಬೇರಿಕೆಗೆ ಓಡಿದೆ. ಮತ್ತೆ ಹಳೆಯ ದಾರಿಯಲ್ಲೇ ಬಾ ಎಂದು ಹೇಳಿದಾಗ ಕುಂಬಾರ ಮುಖ ಅರಳಿಸಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಗಾಡಿಯನ್ನು ತಾನೇ ಹಿಂದಕ್ಕೂ ಮುಂದಕ್ಕೂ ತಳ್ಳಿ ತೋರಿಸಿದ.

‘ನೀವು ಹೇಳಿದ್ಮ್ಯಾಲೆ ಮನ್ಸು ತಡೀಲಿಲ್ಲ ಸ್ವಾಮಿ. ಹೊಸ ಅಚ್ಚು ಹಾಕ್ಸ್ಬುಟ್ಟೆ. ಇನ್ನು ಆ ತಾಯಿಗೆ ಸದ್ದಿನ ಕಾಟ ಇರಾಕಿಲ್ಲ.’

ಹಳೆಯ ಅಚ್ಚು ಎಲ್ಲಿ ಎಂದು ಕೇಳಿದೆ. ಕುಲುಮೆಯವನು ಅದನ್ನು ಕಾಯಿಸಿ ಗುದ್ದಲಿ ಮಾಡಿ ಮುಗಿಸಿದ್ದ. ಒಳ್ಳೆಯದು ಮಾಡಿದೆಯಪ್ಪಾ ಎಂದು ಹೇಳಿ ಬಂದೆ. ಬೇರೇನು ಹೇಳುವುದು?

ಆ ವಾರದ ಸಂತೆಯ ದಿನ ಸಂಜೆ ನಾನು ಅಕ್ಕನ ಜಗಲಿ ಮೇಲೆ ಕೂತಿದ್ದೆ. ಅವಳು ಒಳಗೆ ಒಲೆಯ ಮುಂದೆ ರಾಗಿ ರೊಟ್ಟಿ ತಟ್ಟುತ್ತಿದ್ದಳು. ಗಾಡಿ ಬರುತ್ತದೆ ಎಂದಷ್ಟೇ ಅವಳಿಗೆ ಹೇಳಿದ್ದೆ. ಹೊಸ ಅಚ್ಚಿನ ಮಾತು ನನ್ನ ಬಾಯಿಂದ ಹೊರಟಿರಲಿಲ್ಲ. ಕೋಡಿಯ ಕಡೆಯಿಂದ ಗಾಡಿ ಬಂತು. ಮಣ್ಣಿನ ದಾರಿ, ಎತ್ತಿಗೆ ಗೆಜ್ಜೆಯಿಲ್ಲ. ಕುಂಬಾರ ನನಗೆ ಕೈಮುಗಿದು ಬಾಗಿಲ ಮುಂದೆಯೇ ದಾಟಿಕೊಂಡು ಹೋದ. ಒಳಗೆ ರೊಟ್ಟಿ ತಟ್ಟುವುದು ನಿಲ್ಲಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಒಳಗಿಂದಲೇ, ‘ಇನ್ನೂ ಬರ್ಲಿಲ್ವೇನ್ಲಾ?’ ಎಂದು ಕೇಳಿದಳು.

ಇನ್ನೂ ಇಲ್ಲ ಅಕ್ಕ ಅಂದೆ.